ಬಿಡದೆ ಕಾಡುವ ನೋವು: ಮನಸ್ಸು ಕುಸಿಯದಂತೆ ದಿನ ನಡೆಸುವ ಕ್ರಮ

ತಿಂಗಳುಗಟ್ಟಲೆ ನೋವು ತಿನ್ನುತ್ತಿರುವವರಿಗೆ ಸುತ್ತಲಿನವರು ಹೇಳುವುದು ಹೆಚ್ಚಾಗಿ ಎರಡೇ ಮಾತು: "ಅದೆಲ್ಲ ಮನಸ್ಸಿನದು, ಮರೆತುಬಿಡಿ" ಅಥವಾ "ಮನಸ್ಸು ಗಟ್ಟಿ ಮಾಡಿಕೊಳ್ಳಿ". ಮೊದಲನೆಯದು ಸುಳ್ಳು. ಎರಡನೆಯದನ್ನು ಮಾಡುವುದು ಹೇಗೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ನೋವಿನ ಜೊತೆ ಬರುವ ಸಿಟ್ಟು, ಅಳು, ಭಯ, ಬೇಸರಗಳು ಬರಿ ಧೈರ್ಯದ ಮಾತಿನಿಂದ ಇಳಿಯುವುದಿಲ್ಲ. ಎಷ್ಟು ಹೊತ್ತು ಕೆಲಸ, ಯಾವಾಗ ವಿಶ್ರಾಂತಿ, ನೋವು ಕೆರಳಿದ ದಿನ ಏನು, ಮನೆಯವರಿಗೆ ಏನು ಹೇಳುವುದು ಎಂಬ ಸಣ್ಣ ಸಣ್ಣ ತೀರ್ಮಾನಗಳು ನೋವಿನ ಕೈಯಿಂದ ನಿಮ್ಮ ಕೈಗೆ ಬಂದಾಗ ಇಳಿಯುತ್ತವೆ. ಅದಕ್ಕೇ ಮನಸ್ಸಿನ ಬಗೆಗಿನ ಈ ಬರಹದಲ್ಲಿ ಗಡಿಯಾರದ ಮಾತು ಜಾಸ್ತಿ ಇದೆ.

ಮೊದಲು ಒಂದು ಎಚ್ಚರಿಕೆ. ಇಲ್ಲಿರುವುದು ವೈದ್ಯರು ಈಗಾಗಲೇ ಪರೀಕ್ಷಿಸಿದ ಹಳೆಯ ನೋವಿಗೆ. ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು, ಕಾಲಿನ ಬಲ ದಿನದಿನಕ್ಕೆ ಕುಗ್ಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಎದೆನೋವು, ಹಿಂದೆಂದೂ ಇಲ್ಲದಂಥ ಹಠಾತ್ ತಲೆನೋವು: ಇವುಗಳಲ್ಲಿ ಯಾವುದು ಕಂಡರೂ ಉಸಿರಾಟದ ಅಭ್ಯಾಸ ಮಾಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹಳೆಯ ನೋವು ತನ್ನ ಸ್ವರೂಪವನ್ನೇ ಬದಲಿಸಿದ್ದರೂ ಮತ್ತೊಮ್ಮೆ ತೋರಿಸಿ. ಹಾಗೆ ತೋರಿಸುವುದು ಅತಿಯಾದ ಗಾಬರಿ ಅಲ್ಲ.

ಗಾಯ ಮಾಗಿದರೂ ನೋವು ಉಳಿಯುವುದೇಕೆ

3 ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎಂದು ಗುರುತಿಸುತ್ತದೆ. ಗಾಯವೊಂದು ಮಾಗಲು ಸಾಮಾನ್ಯವಾಗಿ ಬೇಕಾಗುವ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ. ಸಂಧಿವಾತದಂಥ ಕಾಯಿಲೆಗಳಲ್ಲಿ ಕೀಲಿನ ತೊಂದರೆಯೇ ಮುಂದುವರಿದಿರುತ್ತದೆ. ಆದರೆ ಬಹಳ ಜನರಲ್ಲಿ ನರವ್ಯೂಹವೇ ಅತಿಸೂಕ್ಷ್ಮವಾಗಿಬಿಟ್ಟಿರುತ್ತದೆ. ಒಮ್ಮೆ ಕಳ್ಳನನ್ನು ಕಂಡ ಕಾವಲು ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುವ ಹಾಗೆ, ಮಿದುಳುಬಳ್ಳಿ ಮತ್ತು ಮಿದುಳು ಸಣ್ಣ ಸಂಕೇತವನ್ನೂ ಅಪಾಯವೆಂದೇ ಎಣಿಸತೊಡಗುತ್ತವೆ. ನಾಯಿ ಬೊಗಳುತ್ತಿರುವುದು ನಿಜ, ನೋವು ಆಗುತ್ತಿರುವುದೂ ಅಷ್ಟೇ ನಿಜ. ಬಾಗಿಲಲ್ಲಿ ಕಳ್ಳನಿದ್ದಾನೆ ಎಂದು ಮಾತ್ರ ಅದರಿಂದ ಹೇಳಲಾಗದು.

ಇದರಲ್ಲಿ ಮನಸ್ಸಿನ ಪಾತ್ರವೇನು? ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಒಂದು ವಿಚಾರ ಮಂಡಿಸಿದರು: ನೋವಿನ ಸಂಕೇತಗಳು ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಮಿದುಳುಬಳ್ಳಿಯಲ್ಲಿ ಗೇಟಿನಂಥ ಒಂದು ಏರ್ಪಾಡಿದೆ, ಮಿದುಳಿನಿಂದ ಕೆಳಗಿಳಿಯುವ ಸಂಕೇತಗಳೂ ಅದನ್ನು ತೆರೆಯಬಲ್ಲವು, ಮುಚ್ಚಬಲ್ಲವು. ವಿವರಗಳು ಆಮೇಲೆ ಬದಲಾದರೂ ಮೂಲ ಮಾತು ನಿಂತಿದೆ. ಭಯ, ನಿದ್ದೆಗೇಡು, ಒಂಟಿತನ, ಕೋಪ ಇದ್ದಾಗ ಅದೇ ಸಂಕೇತ ಹೆಚ್ಚು ನೋಯುತ್ತದೆ. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಇಂದ್ರಿಯದ ಮತ್ತು ಭಾವನೆಯ ಅನುಭವ ಎಂದೇ ಕರೆಯುತ್ತದೆ. ಹಾಗಾಗಿ ಮನಸ್ಸನ್ನು ನೋಡಿಕೊಳ್ಳುವುದು ನೋವು ಸುಳ್ಳೆಂದು ಒಪ್ಪಿಕೊಂಡಂತೆ ಅಲ್ಲ. ಅದು ಚಿಕಿತ್ಸೆಯದೇ ಒಂದು ಭಾಗ.

ಸ್ಕ್ಯಾನ್ ವರದಿ ಹುಟ್ಟಿಸುವ ಭಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. "ಡಿಸ್ಕ್ ಸವೆದಿದೆ" (ಡಿಸ್ಕ್ ಎಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ) ಎಂಬ ಸಾಲು ಓದಿ ಬಗ್ಗುವುದನ್ನೇ ಬಿಟ್ಟವರಿದ್ದಾರೆ. ಬೆನ್ನುನೋವೇ ಇಲ್ಲದ ಸುಮಾರು 3,100 ಜನರ ಸ್ಕ್ಯಾನ್‌ಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ ಕಾಣಿಸಿತ್ತು; 50ರ ವಯಸ್ಸಿನವರಲ್ಲಿ ಅದು ಶೇ. 80, 80ರ ವಯಸ್ಸಿನವರಲ್ಲಿ ಶೇ. 96. ನಿಮ್ಮ ವರದಿಯಲ್ಲಿ ಹೆದರಿಸಿದ ಸಾಲುಗಳಿಗೆ ಗುರುತು ಹಾಕಿಕೊಂಡು ಹೋಗಿ, "ಇದು ನನ್ನ ವಯಸ್ಸಿಗೆ ಸಹಜವೇ? ಇದರಿಂದ ನಾನು ಮಾಡಬಾರದ ಚಲನೆ ಯಾವುದಾದರೂ ಇದೆಯೇ?" ಎಂದು ವೈದ್ಯರನ್ನೇ ಕೇಳಿ. ಮಾಡಬಾರದ್ದು ಯಾವುದೂ ಇಲ್ಲ ಎಂದು ಅವರ ಬಾಯಿಂದಲೇ ಕೇಳಿದಾಗ ಇಳಿಯುವ ಭಾರ ದೊಡ್ಡದು.

ಎರಡು ವಾರದ ಟಿಪ್ಪಣಿ

ಏನನ್ನಾದರೂ ಬದಲಿಸುವ ಮೊದಲು 2 ವಾರ ಬರೆದಿಡಿ. ಒಂದು ಪುಟದಲ್ಲಿ 4 ಕಲಂ: ಹೊತ್ತು, ಏನು ಮಾಡುತ್ತಿದ್ದೆ ಮತ್ತು ಎಷ್ಟು ನಿಮಿಷ, ನೋವು (0ಯಿಂದ 10), ಮನಸ್ಸು ಒಂದೇ ಪದದಲ್ಲಿ. ದಿನಕ್ಕೆ 3 ಸಲ ಸಾಕು: ಬೆಳಿಗ್ಗೆ ಎದ್ದ ಒಂದು ಗಂಟೆಗೆ, ಮಧ್ಯಾಹ್ನ, ಮಲಗುವ ಮುಂಚೆ. ಗಂಟೆಗೊಮ್ಮೆ ಬರೆಯಬೇಡಿ, ಪದೇ ಪದೇ ಅಳೆಯುತ್ತ ಹೋದರೆ ಗಮನವೆಲ್ಲ ನೋವಿನ ಮೇಲೇ ನೆಟ್ಟು ಅದು ಇನ್ನೂ ಜೋರಾದಂತೆ ತೋರುತ್ತದೆ. 2 ವಾರ ಮುಗಿದ ಮೇಲೆ ಬರೆಯುವುದನ್ನು ನಿಲ್ಲಿಸಿ.

ಆ ಪುಟಗಳಲ್ಲಿ ಹುಡುಕಬೇಕಾದ್ದು ಮೂರು. ನೋವು ಏರಿದ ದಿನದ ಹಿಂದಿನ ದಿನ ಏನಾಗಿತ್ತು? ತುಂಬ ಜನರಿಗೆ ಅಲ್ಲಿ ಕಾಣುವುದು ನೋವು ಕಡಿಮೆಯಿದ್ದ ಒಂದು ಒಳ್ಳೆಯ ದಿನ, ಮತ್ತು ಆ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಿದ್ದು. ಎರಡನೆಯದು, ಮನಸ್ಸಿನ ಪದ ಕೆಟ್ಟದ್ದಾಗುವುದು ನೋವು ಏರುವ ಮೊದಲೋ ಆಮೇಲೋ? ಜಗಳವಾದ ಸಂಜೆಗಳಲ್ಲೂ ನಿದ್ದೆಯಿಲ್ಲದ ರಾತ್ರಿಯ ಮರುದಿನವೂ ನೋವು ಹೆಚ್ಚಿದ್ದರೆ ಎಲ್ಲಿ ಕೈಹಾಕಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಮೂರನೆಯದು, ನೋವು 6 ಇದ್ದರೂ ಮನಸ್ಸು ಹಗುರವಾಗಿದ್ದ ಹೊತ್ತು ಯಾವುದು, ಆಗ ಜೊತೆಗೆ ಯಾರಿದ್ದರು, ಏನು ನಡೆಯುತ್ತಿತ್ತು? ಇದನ್ನು ಜನ ಹುಡುಕುವುದೇ ಇಲ್ಲ. ಆದರೆ ಇಡೀ ಟಿಪ್ಪಣಿಯಲ್ಲಿ ಬೆಲೆಬಾಳುವ ಮಾಹಿತಿ ಅದೇ.

ಯಾವಾಗ ನಿಲ್ಲಿಸಬೇಕೆಂದು ಗಡಿಯಾರ ಹೇಳಲಿ

ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಂಡುವುದು ಒಂದು ಸುತ್ತು. ಇವತ್ತು ನೋವು ಕಡಿಮೆ, ಆದ್ದರಿಂದ ಹಲ್ಲುಕಚ್ಚಿ ಎಲ್ಲ ಕೆಲಸ ಮುಗಿಸುವುದು. ನಾಳೆ, ನಾಡಿದ್ದು ಹಾಸಿಗೆ. ಹಾಸಿಗೆಯಲ್ಲಿ ಬಾಕಿ ಕೆಲಸದ ಅಪರಾಧಿ ಭಾವ. ಸ್ವಲ್ಪ ಎದ್ದೇಳುವಂತಾದ ಕೂಡಲೇ ಆ ಬಾಕಿಯನ್ನೆಲ್ಲ ತೀರಿಸಲು ಮತ್ತೆ ಹಲ್ಲುಕಚ್ಚುವುದು. ತಿಂಗಳು ಕಳೆದಂತೆ ಒಳ್ಳೆಯ ದಿನಗಳು ಕಡಿಮೆಯಾಗುತ್ತ, "ನನ್ನ ಮೈ ನನ್ನ ಮಾತು ಕೇಳುವುದಿಲ್ಲ" ಎಂಬ ಹತಾಶೆ ಗಟ್ಟಿಯಾಗುತ್ತದೆ. ಈ ಸುತ್ತನ್ನು ಮುರಿಯುವ ಲೆಕ್ಕ ಹೀಗಿದೆ.

ನಿಮಗೆ ಕಷ್ಟವಾಗುವ ಒಂದೇ ಒಂದು ಚಟುವಟಿಕೆ ಆರಿಸಿಕೊಳ್ಳಿ. ನಿಂತು ಅಡುಗೆ ಮಾಡುವುದು ಎಂದಿಟ್ಟುಕೊಳ್ಳೋಣ. 3 ಬೇರೆ ಬೇರೆ ದಿನ, ನೋವು ಸ್ಪಷ್ಟವಾಗಿ ಏರತೊಡಗುವವರೆಗೆ ಎಷ್ಟು ನಿಮಿಷ ನಿಲ್ಲಬಲ್ಲಿರಿ ಎಂದು ಅಳೆಯಿರಿ. ತಾಳಲಾರದ ಹಂತದವರೆಗೆ ಕಾಯಬೇಡಿ, ಏರತೊಡಗಿದ ಗಳಿಗೆ ಸಾಕು. ಆ 3 ದಿನಗಳಲ್ಲಿ ಒಂದಾದರೂ ನೋವಿನ ದಿನ ಇರಲಿ. 20, 12, 13 ನಿಮಿಷ ಬಂತೆನ್ನಿ. ಸರಾಸರಿ 15. ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ: 12. ಇದು ನಿಮ್ಮ ಆರಂಭದ ಅಳತೆ. ಇನ್ನು ಮೇಲೆ 12 ನಿಮಿಷಕ್ಕೆ ಟೈಮರ್ ಇಟ್ಟು ನಿಂತುಕೊಳ್ಳಿ. ಅದು ಬಾರಿಸಿದ ಕೂಡಲೇ, ನೋವು ಇರಲಿ ಬಿಡಲಿ, ನಿಲ್ಲಿಸಿ. 5ರಿಂದ 10 ನಿಮಿಷ ಕೂತು ಭುಜ, ದವಡೆ ಸಡಿಲಬಿಡಿ. ಆಮೇಲೆ ಮತ್ತೆ 12 ನಿಮಿಷ.

ಒಂದು ವಾರ ಇದು ಸರಾಗವಾಗಿ ನಡೆದರೆ ಸುಮಾರು ಹತ್ತನೇ ಒಂದು ಭಾಗ ಹೆಚ್ಚಿಸಿ, ಅಂದರೆ 1 ನಿಮಿಷ. ವಾರಕ್ಕೊಂದು ನಿಮಿಷ ಎಂದರೆ ತಮಾಷೆಯಂತೆ ಕೇಳಿಸಬಹುದು. 8 ವಾರಕ್ಕೆ 12 ಇದ್ದದ್ದು 20 ಆಗುತ್ತದೆ, ಅದೂ ನಡುವೆ ಹಾಸಿಗೆ ಹಿಡಿಯದೆ. ಒಂದು ವಾರ ಕಷ್ಟವಾದರೆ ಅದೇ ಅಳತೆಯಲ್ಲಿ ಇನ್ನೊಂದು ವಾರ ಇರಿ. ಒಂದು ವಿನಾಯಿತಿ ಇದೆ: ಸ್ವಲ್ಪ ಶ್ರಮಕ್ಕೇ ಒಂದೆರಡು ದಿನದ ನಂತರ ಮೇಲೇಳಲಾಗದಷ್ಟು ನಿತ್ರಾಣವಾಗುವ ಕಾಯಿಲೆ ಇರುವವರು ಹೀಗೆ ವಾರವಾರ ಹೆಚ್ಚಿಸಬಾರದು. ಅಂಥವರು ವೈದ್ಯರ ಜೊತೆ ಮಾತಾಡಿ ಬೇರೆ ಕ್ರಮ ಹಾಕಿಕೊಳ್ಳಬೇಕು.

ಇದು ಎಡವುವುದು ಎಲ್ಲಿ ಎಂದರೆ, ಹೆಚ್ಚಾಗಿ ಒಳ್ಳೆಯ ದಿನದಲ್ಲಿ. ಟೈಮರ್ ಬಾರಿಸುವಾಗ ಮೈ ಹಗುರವಾಗಿರುತ್ತದೆ, "ಇನ್ನೆರಡು ನಿಮಿಷದಲ್ಲಿ ಮುಗಿದೇ ಹೋಗುತ್ತದೆ" ಅನ್ನಿಸುತ್ತದೆ. ಆ ಎರಡು ನಿಮಿಷವೇ ಅರ್ಧ ಗಂಟೆಯಾಗುವುದು. ಒಳ್ಳೆಯ ದಿನ ನಿಲ್ಲಿಸುವುದು ಕೆಟ್ಟ ದಿನ ಎದ್ದು ಮಾಡುವುದಕ್ಕಿಂತ ಕಷ್ಟ, ಅದಕ್ಕೇ ಟೈಮರನ್ನು ಎದ್ದು ಹೋಗಿ ಆರಿಸಬೇಕಾದಷ್ಟು ದೂರ ಇಡಿ. ಇನ್ನೊಂದು ತಪ್ಪು, ವಿಶ್ರಾಂತಿ ಎಂದು ಮಲಗಿ 2 ಗಂಟೆ ಕಳೆಯುವುದು. ವಿಶ್ರಾಂತಿಗೂ ಟೈಮರ್ ಬೇಕು. ಮೂರನೆಯದು, ಒಟ್ಟಿಗೆ ನಾಲ್ಕೈದು ಚಟುವಟಿಕೆಗಳಿಗೆ ಲೆಕ್ಕ ಹಾಕಲು ಹೋಗಿ ಯಾವುದೂ ನಿಲ್ಲದೆ ಹೋಗುವುದು. ಒಂದು ರೂಢಿಯಾದ ಮೇಲೆ ಇನ್ನೊಂದು.

ಇದರಿಂದ ಮನಸ್ಸಿಗೆ ಸಿಗುವುದು ದೊಡ್ಡದು. ನೋವು ತಡೆಯಲಾರದೆ ನಿಲ್ಲಿಸಿದಾಗ ಪ್ರತಿ ಸಲವೂ ಸೋಲು. ಗಡಿಯಾರ ಹೇಳಿ ನಿಲ್ಲಿಸಿದಾಗ ಅದು ನೀವೇ ಹಾಕಿಕೊಂಡ ಯೋಜನೆ. ಕೆಲವು ವಾರಗಳಲ್ಲಿ "ಇಷ್ಟನ್ನು ಖಂಡಿತ ಮಾಡಬಲ್ಲೆ" ಎನ್ನುವ ಒಂದು ನೆಲ ಕಾಲಡಿ ಸಿಗುತ್ತದೆ. ಆ ನೆಲ ಇಲ್ಲದವರಿಗೆ ಎಷ್ಟು ಸಮಾಧಾನ ಹೇಳಿದರೂ ಅದು ನಿಲ್ಲುವುದಿಲ್ಲ.

ತಲೆಯಲ್ಲಿ ಸುತ್ತುವ ಮಾತುಗಳು

ನೋವು ಏರಿದಾಗ ಮನಸ್ಸು ಮೂರು ದಾರಿ ಹಿಡಿಯುತ್ತದೆ. ಅದನ್ನೇ ಮೆಲುಕು ಹಾಕುವುದು, ದೊಡ್ಡದು ಮಾಡಿ ನೋಡುವುದು ("ಒಳಗೆ ಏನೋ ಭಯಂಕರವಾದದ್ದು ಆಗುತ್ತಿದೆ"), ಕೈಚೆಲ್ಲುವುದು ("ಇನ್ನು ಏನು ಮಾಡಿಯೂ ಪ್ರಯೋಜನವಿಲ್ಲ"). ನೋವಿನ ಮನಶ್ಶಾಸ್ತ್ರದಲ್ಲಿ ಬಳಸುವ 13 ಪ್ರಶ್ನೆಗಳ ಒಂದು ಮಾಪಕ ಅಳೆಯುವುದೂ ಈ ಮೂರನ್ನೇ. ಇವು ದುರ್ಬಲ ಮನಸ್ಸಿನ ಲಕ್ಷಣವಲ್ಲ, ಅಪಾಯದ ಸಂಕೇತ ನಿಲ್ಲದೆ ಬರುತ್ತಿದ್ದರೆ ಯಾವ ಮನಸ್ಸಾದರೂ ಹೀಗೇ ಮಾಡುತ್ತದೆ.

"ಒಳ್ಳೆಯದನ್ನೇ ಯೋಚಿಸಿ" ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನೋಯುತ್ತಿರುವಾಗ ಮನಸ್ಸು ಆ ಮಾತನ್ನು ನಂಬುವುದಿಲ್ಲ. ಕಾಗದದ ಮೇಲೆ ಮೂರು ಸಾಲು ಬರೆಯಿರಿ. ಮೊದಲ ಸಾಲು, ಈಗ ಮೈಯಲ್ಲಿ ಆಗುತ್ತಿರುವುದು: "ಎಡ ಸೊಂಟದಿಂದ ಮೊಣಕಾಲಿನವರೆಗೆ ಸೆಳೆತ, 7." ಎರಡನೆಯದು, ಮನಸ್ಸು ಸೇರಿಸಿದ್ದು: "ಇದು ಇಳಿಯುವುದೇ ಇಲ್ಲ, ಕೆಲಸ ಹೋಗುತ್ತದೆ." ಮೂರನೆಯದು, ಮುಂದಿನ 1 ಗಂಟೆಯಲ್ಲಿ ಮಾಡುವುದು: "20 ನಿಮಿಷ ಬಿಸಿನೀರಿನ ಚೀಲ, ಆಮೇಲೆ ಮೇಲಧಿಕಾರಿಗೆ ಒಂದು ಸಂದೇಶ." ಎರಡನೆಯ ಸಾಲನ್ನು ಸುಳ್ಳೆಂದು ಸಾಧಿಸಲು ಹೋಗಬೇಡಿ. ಅದನ್ನು ಮೊದಲ ಸಾಲಿನಿಂದ ಬೇರ್ಪಡಿಸಿದ್ದೇ ಸಾಕಷ್ಟು ಕೆಲಸ. ಬರೆಯಲಾಗದಿದ್ದರೆ ಬಾಯಲ್ಲಿ ಹೇಳಿಕೊಳ್ಳಿ, ಕೊನೆಗೆ ಒಂದು ತುಂಡು ಸೇರಿಸಿ: "ಕೆಲಸ ಹೋಗುತ್ತದೆ, ಎಂಬ ಯೋಚನೆ ಈಗ ಬಂದಿದೆ."

ಭವಿಷ್ಯದ ಚಿಂತೆ ದಿನವಿಡೀ ಹಿಂಬಾಲಿಸುವವರು ಅದಕ್ಕೊಂದು ಹೊತ್ತು ಕೊಡಿ: ಸಂಜೆ 15 ನಿಮಿಷ, ಒಂದೇ ಜಾಗ, ಕೈಯಲ್ಲಿ ಪೆನ್ನು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಪದ ಗುರುತು ಮಾಡಿಕೊಂಡು ಆ ಹೊತ್ತಿಗೆ ಮುಂದೂಡಿ. ಮಲಗುವ ಮುಂಚಿನ 2 ಗಂಟೆಯಲ್ಲಿ ಮಾತ್ರ ಈ ಹೊತ್ತು ಬರಬಾರದು.

ಬಿಗಿದ ಮೈ ಬಿಡಿಸುವುದು

ನೋವಿಗೆ ಮೈ ಸೆಟೆಯುತ್ತದೆ, ಸೆಟೆದ ಸ್ನಾಯು ಇನ್ನಷ್ಟು ನೋಯುತ್ತದೆ. 4 ಸೆಕೆಂಡು ಮೂಗಿನಿಂದ ಉಸಿರೆಳೆದು 6 ಸೆಕೆಂಡು ನಿಧಾನವಾಗಿ ಬಿಡಿ. ನಿಮಿಷಕ್ಕೆ 6 ಉಸಿರಾಗುತ್ತದೆ. 5 ನಿಮಿಷ, ದಿನಕ್ಕೆ 2 ಸಲ. ಆಳವಾಗಿ ಎಳೆಯಬೇಕಿಲ್ಲ. ತಲೆ ತಿರುಗಿದರೆ, ಬೆರಳು ಜುಮುಗುಟ್ಟಿದರೆ ಹೆಚ್ಚು ಗಾಳಿ ಎಳೆಯುತ್ತಿದ್ದೀರಿ ಎಂದರ್ಥ. ಉಸಿರನ್ನು ಚಿಕ್ಕದು ಮಾಡಿ.

ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯ ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯೂ ಸುಲಭ. ಪಾದದಿಂದ ಶುರುಮಾಡಿ ಒಂದೊಂದೇ ಭಾಗವನ್ನು 5 ಸೆಕೆಂಡು ಮೆಲ್ಲಗೆ ಬಿಗಿಹಿಡಿದು, 15 ಸೆಕೆಂಡು ಪೂರ್ತಿ ಬಿಟ್ಟುಬಿಡುವುದು: ಪಾದ, ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ, ಹಣೆ. ನೋಯುವ ಜಾಗವನ್ನು ಬಿಗಿಹಿಡಿಯಬೇಡಿ, ಅಲ್ಲಿ ಬರಿ ಸಡಿಲಬಿಡುವುದಷ್ಟೇ.

ಎರಡರಲ್ಲೂ ಸಾಮಾನ್ಯವಾಗಿ ಆಗುವ ತಪ್ಪು ಒಂದೇ. ನೋವು ತುತ್ತತುದಿಗೆ ಏರಿದಾಗ ಮೊದಲ ಸಲ ಮಾಡಿ ನೋಡಿ, "ಇದರಿಂದ ಏನೂ ಆಗಲಿಲ್ಲ" ಎಂದು ಬಿಡುವುದು. ನೋವು ಕಡಿಮೆಯಿದ್ದಾಗ 2–3 ವಾರ ಮಾಡಿ ಮೈಗೆ ರೂಢಿಸಿದ್ದರೆ ಮಾತ್ರ ಏರಿದಾಗ ಕೈಗೆ ಸಿಗುತ್ತದೆ. ಕೆಲವರಿಗೆ ಕಣ್ಣುಮುಚ್ಚಿ ಒಳಗೆ ಗಮನಿಸಿದರೆ ನೋವೇ ಎದ್ದು ಕಾಣುತ್ತದೆ. ಅಂಥವರು ಕಣ್ಣು ತೆರೆದು, ಕೋಣೆಯಲ್ಲಿ ಕೇಳಿಸುವ ಶಬ್ದಗಳನ್ನು ದೂರದ್ದರಿಂದ ಹತ್ತಿರದ್ದಕ್ಕೆ ಒಂದೊಂದಾಗಿ ಕೇಳುತ್ತ ಬರಲಿ.

ಕೆರಳಿದ ದಿನಕ್ಕೆ ಮೊದಲೇ ಬರೆದಿಟ್ಟ ಚೀಟಿ

ಎಷ್ಟು ಎಚ್ಚರವಿದ್ದರೂ ನೋವು ಕೆಲವು ದಿನ ಕೆರಳುತ್ತದೆ. ಆ ದಿನ ತಲೆ ಓಡುವುದಿಲ್ಲ. ಅದಕ್ಕೇ ಈ ಚೀಟಿಯನ್ನು ಸಮಾಧಾನವಾಗಿರುವ ದಿನ ನಿಮ್ಮದೇ ಕೈಬರಹದಲ್ಲಿ ಬರೆದು ಹಾಸಿಗೆಯ ಪಕ್ಕ ಇಡಿ. ಫೋನಿನಲ್ಲಿ ಇಟ್ಟರೆ ಹುಡುಕುವ ತ್ರಾಣ ಇರುವುದಿಲ್ಲ.

ಚೀಟಿಯ ಮೊದಲ ಸಾಲು ಹೀಗಿರಲಿ: "ಹಿಂದೆಯೂ ಹೀಗೆ ಆಗಿತ್ತು, ಇಳಿದಿತ್ತು." ಪಕ್ಕದಲ್ಲಿ ಹಿಂದಿನ ಎರಡು ಮೂರು ಸಲದ ತಾರೀಖು ಮತ್ತು ಎಷ್ಟು ದಿನಕ್ಕೆ ಇಳಿಯಿತು ಎಂಬುದು. ಕೆರಳಿದ ಹೊತ್ತಿನಲ್ಲಿ ಮನಸ್ಸು ಇದು ಶಾಶ್ವತ ಎನ್ನುತ್ತದೆ. ನಿಮ್ಮದೇ ಅಕ್ಷರದಲ್ಲಿರುವ ತಾರೀಖಿಗೆ ಅದು ಎದುರಾಡಲಾರದು.

ಆಮೇಲೆ ಹೊತ್ತಿನ ಪ್ರಕಾರ. ಮೊದಲ 10 ನಿಮಿಷ: ಮಾಡುತ್ತಿರುವುದನ್ನು ನಿಲ್ಲಿಸುವುದು, ಅತಿ ಕಡಿಮೆ ನೋಯುವ ಭಂಗಿ (ಯಾವುದೆಂದು ಬರೆದಿರಿ), 4–6ರ ಉಸಿರು. ಮೊದಲ 2 ಗಂಟೆ: ವೈದ್ಯರು ಹೇಳಿದ ಮಾತ್ರೆ, ಹೇಳಿದಷ್ಟೇ, ಬಟ್ಟೆ ಸುತ್ತಿದ ಬಿಸಿ ಅಥವಾ ತಂಪು 15–20 ನಿಮಿಷ, ಜೋಮು ಹಿಡಿದ ಚರ್ಮದ ಮೇಲೆ ಬೇಡ, ಹಾಕಿಕೊಂಡೇ ನಿದ್ದೆ ಹೋಗುವುದೂ ಬೇಡ, ಮನೆಯಲ್ಲಿ ಒಬ್ಬರಿಗೆ ಒಂದು ಸಾಲಿನ ಮಾಹಿತಿ. ಆ ದಿನ: ಎಲ್ಲ ಅಳತೆಗಳನ್ನೂ ಅರ್ಧಕ್ಕೆ ಇಳಿಸುವುದು. 12 ನಿಮಿಷ ನಿಲ್ಲುತ್ತಿದ್ದವರು 6 ನಿಮಿಷ. ಸೊನ್ನೆಗೆ ಇಳಿಸಬೇಡಿ, ಪೂರ್ತಿ ಮಲಗಿದರೆ ಮೈ ಮರಗಟ್ಟುತ್ತದೆ, ಏಳುವ ಭಯವೂ ಬೆಳೆಯುತ್ತದೆ. 2–3 ದಿನದ ಮೇಲೆ ಮೆಲ್ಲಗೆ ಹಿಂದಿನ ಅಳತೆಗೆ. ಕೊನೆಯಲ್ಲಿ ಈ ಹೊತ್ತಿನಲ್ಲಿ ಮಾಡಬಾರದ್ದು: ದೊಡ್ಡ ತೀರ್ಮಾನಗಳು, ಹಳೆಯ ಜಗಳದ ಮಾತು, ರೋಗಲಕ್ಷಣಗಳನ್ನು ಇಂಟರ್‌ನೆಟ್‌ನಲ್ಲಿ ಹುಡುಕುವುದು.

ಮಾತ್ರೆಯ ವಿಷಯ ಇನ್ನಷ್ಟು ಹೇಳಬೇಕು. ಭಯದಿಂದ, ನೋವು ಬರುವ ಮೊದಲೇ ನುಂಗುವ ಅಭ್ಯಾಸ ಸುಲಭವಾಗಿ ಅಂಟುತ್ತದೆ. ತಲೆನೋವಿರುವವರು ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್ (ಮೈಗ್ರೇನಿಗೆ ಕೊಡುವ ಮಾತ್ರೆ) ಅಥವಾ ಒಂದಕ್ಕಿಂತ ಹೆಚ್ಚು ಔಷಧ ಬೆರೆಸಿದ ನೋವಿನ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, 3 ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ತೆಗೆದುಕೊಂಡ ದಿನಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಓಪಿಯಾಯ್ಡ್ (ಮಾರ್ಫಿನ್, ಟ್ರಮಡಾಲ್‌ನಂಥ ಬಲವಾದ ನೋವುನಿವಾರಕ) ಅಥವಾ ನರನೋವಿಗೆ ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್ ತೆಗೆದುಕೊಳ್ಳುವವರು ಮದ್ಯ ಮುಟ್ಟಬಾರದು, ಉಸಿರಾಟವೇ ಕುಗ್ಗಬಹುದು. ಇವುಗಳಲ್ಲಿ ಯಾವುದನ್ನೂ ಬೇಸರಪಟ್ಟು ಒಮ್ಮೆಲೇ ನಿಲ್ಲಿಸಲೂಬೇಡಿ, ವೈದ್ಯರು ಹಂತಹಂತವಾಗಿ ಇಳಿಸಬೇಕು.

ರಾತ್ರಿ

ನಿದ್ದೆಯಿಲ್ಲದ ರಾತ್ರಿ ಮರುದಿನದ ನೋವನ್ನೂ ಮುಂಗೋಪವನ್ನೂ ಹೆಚ್ಚಿಸುತ್ತದೆ. ಎಷ್ಟು ಗಂಟೆಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಸುಮಾರು 20 ನಿಮಿಷವಾದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕೂರಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಡಿ, ಅದರ ಕೆಲಸ ಹಗಲಿನಲ್ಲಿ ಮಾತ್ರ. ಕೆಫೀನ್ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು, ಆದ್ದರಿಂದ ಮಧ್ಯಾಹ್ನದ ನಂತರ ಕಾಫಿ, ಟೀ ಬೇಡ. ಪಕ್ಕಕ್ಕೆ ಮಲಗುವವರು ಮೊಣಕಾಲುಗಳ ನಡುವೆ, ಬೆನ್ನ ಮೇಲೆ ಮಲಗುವವರು ಮೊಣಕಾಲಿನ ಕೆಳಗೆ ಒಂದು ದಿಂಬಿಟ್ಟು ನೋಡಬಹುದು. ನಡುರಾತ್ರಿ 3 ಗಂಟೆಗೆ ಬರುವ ಯೋಚನೆಗಳನ್ನು ತೀರ್ಪೆಂದು ತಿಳಿಯಬೇಡಿ. ಒಂದು ಪದ ಬರೆದಿಟ್ಟು ಸಂಜೆಯ 15 ನಿಮಿಷಕ್ಕೆ ಕಳಿಸಿ.

ಮನೆಯವರು, ಗೆಳೆಯರು, ಕೆಲಸದ ಜಾಗ

ನೋವು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಮನೆಯವರು ಎರಡು ತುದಿಗೆ ಹೋಗುತ್ತಾರೆ: ಒಂದೋ ನಂಬುವುದಿಲ್ಲ, ಇಲ್ಲವೇ ಒಂದು ಲೋಟ ಎತ್ತಲೂ ಬಿಡುವುದಿಲ್ಲ. ಎರಡನೆಯದು ಪ್ರೀತಿಯಿಂದಲೇ ಬಂದದ್ದು. ಆದರೆ ಎಲ್ಲವನ್ನೂ ಬೇರೆಯವರೇ ಮಾಡಿಕೊಟ್ಟರೆ ಮೈಯ ಶಕ್ತಿಯೂ ತನ್ನ ಮೇಲಿನ ನಂಬಿಕೆಯೂ ಒಟ್ಟಿಗೇ ಇಳಿಯುತ್ತವೆ.

ಒಂದು ಸಂಖ್ಯೆಯ ಒಪ್ಪಂದ ಮಾಡಿಕೊಳ್ಳಿ. ಬೆಳಿಗ್ಗೆ ಒಂದು ಸಲ ನೀವಾಗಿಯೇ ಹೇಳಿ: "ಇವತ್ತು 1" ಎಂದರೆ ಎಂದಿನಂತೆ, "2" ಎಂದರೆ ಭಾರದ ಕೆಲಸ ಆಗದು, "3" ಎಂದರೆ ಚೀಟಿಯ ದಿನ. ಆಮೇಲೆ ದಿನವಿಡೀ "ಈಗ ಹೇಗಿದೆ?" ಎಂದು ಅವರು ಕೇಳದಿರಲಿ, ಪ್ರತಿ ಸಲ ಕೇಳಿದಾಗಲೂ ಗಮನ ಮತ್ತೆ ನೋವಿಗೆ ಹೋಗುತ್ತದೆ. ಅವರು ಕೇಳಬಹುದಾದ ಒಳ್ಳೆಯ ಪ್ರಶ್ನೆ, "ನಾನು ಮಾಡಲೋ, ಜೊತೆಗಿರಲೋ, ಬಿಡಲೋ?"

ಸಹಾಯ ಕೇಳುವಾಗ ಕೆಲಸ, ಹೊತ್ತು, ಅಳತೆ ಮೂರೂ ಇರಲಿ. "ನಂಗೆ ಯಾರೂ ಸಹಾಯ ಮಾಡಲ್ಲ" ಎಂದರೆ ಜಗಳ. "ಈ ವಾರ ನೀರಿನ ಬಕೆಟ್ ನೀನು ಎತ್ತಿಕೊಡು, ಬಟ್ಟೆ ನಾನು ಮಡಚುತ್ತೇನೆ" ಎಂದರೆ ಕೆಲಸ ಆಗುತ್ತದೆ. ಸಿಟ್ಟು ಬಂದು ರೇಗಿದ್ದರೆ ಅದೇ ದಿನ ಒಂದು ಮಾತು ಹೇಳಿಬಿಡಿ: "ರೇಗಿದ್ದು ನೋವಿಗೆ, ನಿನ್ನ ಮೇಲಲ್ಲ, ಆದರೂ ನಿನಗೆ ನೋವಾಯಿತು, ಕ್ಷಮಿಸು." ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ತಮ್ಮಿಂದಲೇ ಹೀಗಾಯಿತು ಎಂದು ಮಕ್ಕಳು ಬಹಳ ಬೇಗ ಅಂದುಕೊಳ್ಳುತ್ತಾರೆ. ಹಾಗಲ್ಲ ಎಂದು ಬಾಯಿಬಿಟ್ಟು ಹೇಳಬೇಕು.

ಕಾರ್ಯಕ್ರಮಗಳಿಗೆ "ಬರಲಾಗದು" ಎನ್ನುತ್ತ ಹೋದರೆ ಕರೆಯುವುದೇ ನಿಲ್ಲುತ್ತದೆ. "40 ನಿಮಿಷ ಬಂದು ಹೋಗುತ್ತೇನೆ, ಆಸರೆ ಇರುವ ಕುರ್ಚಿ ಬೇಕು" ಎನ್ನಿ. ಕೆಲಸದ ಜಾಗದಲ್ಲಿ ರೋಗದ ಕಥೆ ಹೇಳಬೇಕಾಗಿಲ್ಲ; ಬೇಕಾದ ಬದಲಾವಣೆಯನ್ನಷ್ಟೇ ಕೇಳಬಹುದು: "30 ನಿಮಿಷಕ್ಕೊಮ್ಮೆ 3 ನಿಮಿಷ ಎದ್ದು ನಿಲ್ಲಬೇಕು."

ಕಳೆದುಕೊಂಡದ್ದರ ದುಃಖ

ಓಡಾಡುತ್ತಿದ್ದ, ದುಡಿಯುತ್ತಿದ್ದ, ಮಗುವನ್ನು ಎತ್ತಿಕೊಳ್ಳುತ್ತಿದ್ದ ತನ್ನನ್ನು ಕಳೆದುಕೊಂಡ ದುಃಖ ನಿಜವಾದ ದುಃಖ. ಅದಕ್ಕೆ ಅಳು ಬಂದರೆ ತಡೆಯಬೇಡಿ. ಜೊತೆಗೆ ಒಂದು ಕೆಲಸ ಮಾಡಿ: ಮಾಡಲಾಗದ್ದೊಂದನ್ನು ಹಿಡಿದು, ಅದರಲ್ಲಿ ನಿಮಗೆ ಪ್ರಿಯವಾದದ್ದು ಏನಿತ್ತು ಎಂದು ಕೇಳಿಕೊಳ್ಳಿ. ಮಗುವನ್ನು ಎತ್ತುವುದರಲ್ಲಿ ಪ್ರಿಯವಾದದ್ದು ಅದರ ಸಾಮೀಪ್ಯವಾಗಿದ್ದರೆ, ಸೋಫಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು 10 ನಿಮಿಷ ಕಥೆ ಹೇಳುವುದನ್ನು ಈ ವಾರವೇ ಶುರುಮಾಡಬಹುದು. ನೋವು ಹೋದ ಮೇಲೆ ಬದುಕೋಣ ಎಂದು ಕಾಯುವುದೇ ಮನಸ್ಸನ್ನು ಹೆಚ್ಚು ಬರಿದು ಮಾಡುವುದು.

ಮನೆಮದ್ದು ಸಾಲದ ಹಂತ

2 ವಾರ ಹೆಚ್ಚುಕಡಿಮೆ ಪ್ರತಿದಿನ ಮಂಕು ಕವಿದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದು ಖಿನ್ನತೆಯಿರಬಹುದು, ವೈದ್ಯರಿಗೆ ಹೇಳಿ. ಬದುಕಿದ್ದು ಸಾಕು, ಸತ್ತರೆ ಒಳ್ಳೆಯದಿತ್ತು ಎಂಬ ಯೋಚನೆ ಬರುತ್ತಿದ್ದರೆ ಅದನ್ನು ಒಬ್ಬರೇ ಹೊರಬೇಡಿ. ಇವತ್ತೇ, ನಂಬುವ ಒಬ್ಬರಿಗೆ ಅದೇ ಪದಗಳಲ್ಲಿ ಹೇಳಿ. ಮನೆಯಲ್ಲಿರುವ ಮಾತ್ರೆಗಳನ್ನು ಅವರ ಕೈಗೆ ಕೊಟ್ಟು, ಒಂದೊಂದು ದಿನದ್ದನ್ನಷ್ಟೇ ಪಡೆಯಿರಿ. ಆ ಯೋಚನೆಗೆ ಯೋಜನೆಯ ರೂಪ ಬಂದಿದ್ದರೆ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಅಥವಾ ನಿಮ್ಮಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ. ಮನೆಯವರಿಗೆ ಅನುಮಾನವಿದ್ದರೆ ನೇರವಾಗಿ ಕೇಳಬೇಕು; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ನೋವಿಗೆಂದು ವೈದ್ಯರು ಅಮಿಟ್ರಿಪ್ಟಿಲಿನ್ ಅಥವಾ ಡ್ಯುಲೋಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆ ಬರೆದರೆ ನಿಮ್ಮನ್ನು ಅನುಮಾನಿಸಿದರು ಎಂದು ತಿಳಿಯಬೇಡಿ. ಅವು ನೋವಿನ ನರಮಾರ್ಗಗಳ ಮೇಲೂ ಕೆಲಸ ಮಾಡುತ್ತವೆ. ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೊರತಂದ ಮಾರ್ಗಸೂಚಿ, ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ವ್ಯಾಯಾಮ, ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಮನೋಚಿಕಿತ್ಸೆ, ನೋವನ್ನು ಒಪ್ಪಿಕೊಂಡು ಬದುಕನ್ನು ಮುಂದುವರಿಸಲು ಕಲಿಸುವ ಚಿಕಿತ್ಸೆ, ಆಯ್ದ ಖಿನ್ನತೆ ಮಾತ್ರೆಗಳು, ಇವನ್ನು ಪರಿಗಣಿಸಲು ಹೇಳುತ್ತದೆ. ಅದೇ ನೋವಿಗೆ ಓಪಿಯಾಯ್ಡ್ ಶುರುಮಾಡಬಾರದು ಎನ್ನುತ್ತದೆ.

ಮನೋಚಿಕಿತ್ಸಕರನ್ನು ಆರಿಸುವಾಗ ಮೊದಲ ಭೇಟಿಯಲ್ಲೇ ಕೇಳಿ: "ದೀರ್ಘಕಾಲದ ನೋವಿರುವವರ ಜೊತೆ ಕೆಲಸ ಮಾಡಿದ್ದೀರಾ? ಎಷ್ಟು ಭೇಟಿ ಬೇಕಾಗಬಹುದು? ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತೀರಾ?" ಅಭ್ಯಾಸ ಕೊಡದವರಿಗಿಂತ ಕೊಡುವವರು ಮೇಲು. 2 ವಾರದ ಟಿಪ್ಪಣಿ ಮತ್ತು ಚೀಟಿ ಎರಡನ್ನೂ ತೋರಿಸಿ. ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

ಫಲ ನೋಡಲು ತಿಂಗಳಿಗೊಮ್ಮೆ ಮೂರೇ ಪ್ರಶ್ನೆಗೆ 0ಯಿಂದ 10ರಲ್ಲಿ ಅಂಕ ಕೊಡಿ: ಕಳೆದ ವಾರ ನೋವು ಸರಾಸರಿ ಎಷ್ಟಿತ್ತು, ಬದುಕಿನ ಸಂತೋಷಕ್ಕೆ ಎಷ್ಟು ಅಡ್ಡಬಂತು, ದಿನದ ಕೆಲಸಕ್ಕೆ ಎಷ್ಟು ಅಡ್ಡಬಂತು. ಮೊದಲು ಇಳಿಯುವುದು ಸಾಮಾನ್ಯವಾಗಿ ಎರಡನೆಯ ಮತ್ತು ಮೂರನೆಯ ಅಂಕ. ನೋವಿನ ಅಂಕ ಅಲ್ಲೇ ನಿಂತಿದ್ದರೂ ಈ ಎರಡು ಇಳಿಯುತ್ತಿದ್ದರೆ ದಾರಿ ಸರಿ ಇದೆ. 3 ತಿಂಗಳಾದರೂ ಮೂರೂ ಅಲುಗದಿದ್ದರೆ ಆ ಅಂಕಗಳ ಹಾಳೆ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ, ಚಿಕಿತ್ಸೆಯ ಕ್ರಮವನ್ನೇ ಬದಲಿಸಬೇಕೇ ಎಂದು ಕೇಳಿ.